ಊರೊಲೆಯ ಗೆರ್ಲಿಂಡೆ

ಬೆಳಗಿನ ಐದು ಗಂಟೆಗೆ ಗೆರ್ಲಿಂಡೆ ಬೊಯ್ಲೆಯವರ ತಲೆ ಒಲೆಯೊಳಗಿದೆ. ತಲೆಯಷ್ಟೇ ಅಲ್ಲ, ಭುಜ, ಬೆನ್ನು, ಸೊಂಟ ಎಲ್ಲವೂ. ಹೊರಗೆ ಉಳಿದಿರುವುದು ಕಂದು ಬಣ್ಣದ ಉಣ್ಣೆ ಕಾಲುಚೀಲ, ತೀರಿಕೊಂಡ ಗಂಡನ ರಬ್ಬರ್ ಬೂಟು ಮತ್ತು ಒಂದು ಗೊಣಗು. ಕಮಾನಿನ ಒಂದೊಂದು ಇಟ್ಟಿಗೆಯನ್ನೂ ಅಂಗೈಯಿಂದ ಸವರುತ್ತಾ ಅವರು ಒಳಗಿಂದಲೇ ಮಾತಾಡುತ್ತಾರೆ. ದನಿ ಬಾವಿಯಿಂದ ಬಂದ ಹಾಗೆ ಕೇಳುತ್ತದೆ.

"ತಣ್ಣಗಿದೆ ಕಣ್ರೀ. ನಿನ್ನೆ ಒಂದು ದಿನ ಬಿಟ್ಟು ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಅಷ್ಟಕ್ಕೇ ಮುನಿಸಿಕೊಂಡಿದೆ. ಏನೋ ಹೊಸ ವಾಸನೆ ಬೇರೆ. ಗಾರೆಯದಿರಬೇಕು."

ನಮ್ಮೂರು ಎರ್ಲಬ್ರೊನ್‌ಗೆ ಪ್ರವಾಸಿಗಳು ಬರುವುದು ಅಪರೂಪ. ಬಂದವರು ಚರ್ಚಿನ ಸುತ್ತ ಒಂದು ಸುತ್ತು ಹಾಕಿ, ನೀರಿನ ತೊಟ್ಟಿಯ ಮುಂದೆ ನಿಂತು ಫೋಟೋ ತೆಗೆದುಕೊಂಡು, "ಎಷ್ಟು ನಿಶ್ಶಬ್ದ!" ಎಂದು ಜೋರಾಗಿ ಹೇಳಿ ಹೊರಟುಹೋಗುತ್ತಾರೆ. ತೊಟ್ಟಿಯ ಪಕ್ಕದ ಗಿಡ್ಡ ಕಲ್ಲಿನ ಮನೆಯನ್ನು ದನದ ಕೊಟ್ಟಿಗೆ ಅಂದುಕೊಳ್ಳುವವರೇ ಹೆಚ್ಚು. ಅದು ನಮ್ಮ ಊರೊಲೆ. ಮನೆಮನೆಯಲ್ಲಿ ಬ್ರೆಡ್ಡು ಸುಡಲು ಹೋಗಿ ಊರೇ ಒಂದೆರಡು ಸಲ ಸುಟ್ಟುಹೋದ ಮೇಲೆ, ಹಿಂದಿನವರು ಊರಿಗೆಲ್ಲ ಒಂದೇ ಒಲೆ ಸಾಕೆಂದು ಕಟ್ಟಿಸಿದ್ದು. ಇಲ್ಲಿದ್ದ ಬೇಕರಿ ಮುಚ್ಚಿ ವರ್ಷಗಳಾದವು. ಶನಿವಾರದ ಊರೊಲೆ ಮಾತ್ರ ನಿಲ್ಲದೆ ನಡೆದುಕೊಂಡು ಬಂದಿತ್ತು, ಹೋದ ಶರತ್ಕಾಲದ ತನಕ.

ಆಗ ಕಮಾನು ಬಿರುಕು ಬಿಟ್ಟಿತು. ಊರಿನ ಚಿಮಣಿಗಳ ಮಸಿ ಗುಡಿಸಿ ಪರೀಕ್ಷಿಸುವ ಹೆರ್ ಕ್ನೌಸ್ ಬಂದು, ಕೆಮ್ಮಿ, ಇನ್ನು ಉರಿಸಬಾರದೆಂದು ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದರು. ರಿಪೇರಿ ಮಾಡಿಸುವುದೋ ಬಿಡುವುದೋ ಎಂದು ಊರಿನ ಸಭೆ ಚಳಿಗಾಲವಿಡೀ ಚರ್ಚಿಸಿತು. ಮೇಯರ್ ಟ್ರೌಟ್‌ವೈನ್ ಅವರ ಲೆಕ್ಕಾಚಾರ ಬೇರೆ ಇತ್ತು: ಒಲೆಯ ಬಾಯಿಗೆ ಗಾಜು ಹಾಕಿ, ಒಳಗೆ ಬಣ್ಣದ ದೀಪ ಇಟ್ಟು, ಪಕ್ಕದಲ್ಲಿ ಹಳ್ಳಿ ಹೆಂಗಸಿನ ಬೊಂಬೆ ನಿಲ್ಲಿಸಿದರೆ ಪ್ರವಾಸಿಗಳಿಗೆ ನೋಡಲು ಏನಾದರೂ ಆಗುತ್ತದೆ. ಕೊನೆಗೆ ರಾಜಿಯಾಯಿತು. ಕಮಾನು ಕಟ್ಟಿಸುವುದು, ಏಪ್ರಿಲ್ ಕೊನೆಯ ಶನಿವಾರ ಹೆರ್ ಕ್ನೌಸ್ ಮತ್ತೆ ನೋಡುವುದು. ಅವರು ಒಪ್ಪಿದರೆ ಒಲೆ, ಇಲ್ಲದಿದ್ದರೆ ಗಾಜು.

ಆ ಶನಿವಾರ ಇವತ್ತು.

"ಬೊಂಬೆಗೆ ತೊಡಿಸೋಕೆ ನನ್ನ ಏಪ್ರನ್ ಕೇಳಿದ್ರು ಮೇಯರ್ರು," ಎನ್ನುತ್ತಾ ಗೆರ್ಲಿಂಡೆ ಒಲೆಯಿಂದ ಹಿಂದಕ್ಕೆ ಸರಿಯುತ್ತಾರೆ. ಮೂಗಿನ ಮೇಲೆ ಮಸಿ. "ಬೊಂಬೆ ಯಾಕೆ, ನನ್ನನ್ನೇ ಗಾಜಿನ ಹಿಂದೆ ಕೂರಿಸ್ರೀ ಅಂದೆ. ಇಲ್ಲ, ಬೊಂಬೆ ಆದ್ರೆ ಮಾತಾಡಲ್ಲ ಅಂದ್ರು."

ಅರವತ್ತೊಂಬತ್ತರ ಗೆರ್ಲಿಂಡೆ ಈ ಊರಿಗೆ ಬಂದದ್ದು ಮದುವೆಯಾಗಿ, ಗುಡ್ಡದ ಆಚೆಯ ಊರಿನಿಂದ. ಗುಡ್ಡ ಹತ್ತಿದರೆ ಆ ಊರಿನ ಗೋಪುರ ಕಾಣುತ್ತದೆ. ಆದರೂ ನಾಲ್ಕು ದಶಕದ ನಂತರವೂ ಅವರನ್ನು "ಪಾಪ, ಹೊರಗಿನವರು, ಆದರೂ ಚೆನ್ನಾಗಿ ಹೊಂದಿಕೊಂಡಿದ್ದಾರೆ" ಎಂದೇ ಪರಿಚಯಿಸುವುದು ವಾಡಿಕೆ. ಕೆಳಗಿನ ಕಣಿವೆಯ ಬನಿಯನ್ ಕಾರ್ಖಾನೆಯಲ್ಲಿ ಅವರು ತೋಳು ಹೊಲಿಯುತ್ತಿದ್ದರು. ಕಾರ್ಖಾನೆ ಮುಚ್ಚಿದ ವರ್ಷವೇ ಒಲೆ ನೋಡಿಕೊಳ್ಳುತ್ತಿದ್ದ ಅತ್ತೆಯ ಮೊಣಕಾಲು ಕೈಕೊಟ್ಟಿತು. ಕೆಲಸ ಸೊಸೆಯ ಹೆಗಲಿಗೆ ಬಂತು.

"ನಮ್ಮತ್ತೆ ಏನೂ ಹೇಳಿಕೊಡಲಿಲ್ಲ. ಹಿಂದೆ ಸ್ಟೂಲ್ ಹಾಕ್ಕೊಂಡು ಕೂತಿರೋರು. ನಾನು ಸೌದೆ ಇಟ್ಟ ತಕ್ಷಣ 'ತಪ್ಪು' ಅನ್ನೋರು. ಯಾವುದು ಸರಿ ಅಂತ ಕೇಳಿದ್ರೆ, 'ನಾನು ಸುಮ್ಮನಿದ್ರೆ ಸರಿ ಅಂತ ತಿಳ್ಕೋ' ಅಂತಿದ್ರು. ಅವರು ಒಂದು ಶನಿವಾರ ಪೂರ್ತಿ ಸುಮ್ಮನಿದ್ದಾಗ ನನಗೆ ಗಾಬರಿಯಾಗಿ ತಿರುಗಿ ನೋಡಿದೆ. ನಿದ್ದೆ ಹೋಗಿದ್ರು."

ಒಲೆಯವಳ ಕೆಲಸ ಹೇಳಲು ಸುಲಭ. ಬೆಳಕು ಹರಿಯುವ ಮುಂಚೆ ಪುಳ್ಳೆಯ ಹೊರೆಗಳನ್ನು ಒಳಗೆ ತಳ್ಳಿ ಬೆಂಕಿ ಹಾಕಬೇಕು. ಕಮಾನಿನ ಮಸಿ ಸುಟ್ಟು ಇಟ್ಟಿಗೆ ಬೆಳ್ಳಗಾದ ಮೇಲೆ ಕೆಂಡವನ್ನೆಲ್ಲ ಎಳೆದು ಹಾಕಿ, ಉದ್ದ ಕೋಲಿಗೆ ಕಟ್ಟಿದ ಒದ್ದೆ ಬಟ್ಟೆಯಿಂದ ಬೂದಿ ಒರೆಸಬೇಕು. ಆಮೇಲೆ ಒಂದು ಚಿಟಿಕೆ ಹಿಟ್ಟು ಎಸೆದು ನೋಡುವುದು: ಕಪ್ಪಾದರೆ ಕಾಯಬೇಕು, ಕಂದಾದರೆ ಬ್ರೆಡ್ಡು ಒಳಗೆ. ಹೇಳಿದ್ದು ಇಷ್ಟೇ. ಹೊಗೆ ಕಣ್ಣಿಗೆ ಮಾಡುವುದನ್ನು, ಹೊರೆ ಸೊಂಟಕ್ಕೆ ಮಾಡುವುದನ್ನು ಡಾಕ್ಟರು ಬೇರೆ ಬೇರೆ ಕೋಣೆಗಳಲ್ಲಿ ಹೇಳುತ್ತಾರೆ.

ಯಾರ ಹಿಟ್ಟು ಯಾವಾಗ ಒಳಗೆ ಹೋಗಬೇಕೆಂಬುದು ಶುಕ್ರವಾರ ಸಂಜೆ ಗಂಟೆ ಹೊಡೆದ ಮೇಲೆ ತೀರ್ಮಾನವಾಗುತ್ತದೆ. ಹಳೇ ಟೋಪಿಯೊಂದರಲ್ಲಿ ಸಂಖ್ಯೆ ಬರೆದ ಮರದ ಬಿಲ್ಲೆಗಳು, ಮನೆಗೊಬ್ಬರು ಕೈಹಾಕುತ್ತಾರೆ. ಇದು ಊರಿನ ಗಂಭೀರ ಜೂಜು. ಮೊದಲ ಬಿಲ್ಲೆ ಯಾರಿಗೂ ಬೇಡ, ಒಲೆಯ ಗುಣ ಮೊದಲು ಪರೀಕ್ಷೆಯಾಗುವುದು ಅವರ ಬ್ರೆಡ್ಡಿನ ಮೇಲೆ. ಎರಡು, ಮೂರು ಬಂದವರು ಮುಖ ಗಂಟಿಕ್ಕಿಕೊಂಡು ಸಂತೋಷಪಡುತ್ತಾರೆ. ಒಲೆಯವಳಿಗೆ ಬಿಲ್ಲೆ ಇಲ್ಲ. ಎಲ್ಲರದೂ ಮುಗಿದು ಉಳಿದ ಬಿಸಿಯಲ್ಲಿ ಅವಳದು.

"ಈ ಊರಲ್ಲಿ ಬಿಳಿಚಿಕೊಂಡ ಬ್ರೆಡ್ಡು ತಿನ್ನೋಳು ಒಲೆ ಹಚ್ಚೋಳು ಒಬ್ಬಳೇ," ಎನ್ನುತ್ತಾರೆ ಗೆರ್ಲಿಂಡೆ. ದೂರಿನ ದನಿಯಲ್ಲೇನೂ ಅಲ್ಲ, ಹವಾಮಾನ ಹೇಳಿದ ಹಾಗೆ.

ಆರು ಗಂಟೆಗೆ ಬೆಂಕಿ ಬೀಳುತ್ತದೆ. ನಿನ್ನೆಯೊಂದು ಬಿಟ್ಟು ವಾರವೆಲ್ಲ ಗೆರ್ಲಿಂಡೆ ದಿನಾ ಸಣ್ಣ ಬೆಂಕಿ ಹಾಕಿ ಹೊಸ ಗಾರೆಯನ್ನು ಆರಿಸಿದ್ದಾರೆ. ಹೊಗೆ ಸಲೀಸಾಗಿ ಮೇಲೇರಬೇಕು. ಏರುವುದಿಲ್ಲ. ಒಲೆಯ ಬಾಯಿಂದ ಹೊರಬಂದು, ಚಿಮಣಿಯ ದಾರಿ ಮರೆತ ಹಾಗೆ ಸ್ವಲ್ಪ ಹೊತ್ತು ತಡಕಾಡಿ, ಕೋಣೆಯೊಳಕ್ಕೇ ಸುರಿಯತೊಡಗುತ್ತದೆ. ಜೊತೆಗೆ ಬಿಳಿ ಹಬೆ. ಬುಟ್ಟಿಗಳಲ್ಲಿ ಉಬ್ಬಿದ ಹಿಟ್ಟು ಹಿಡಿದು ಬಾಗಿಲಲ್ಲಿ ನಿಂತ ಮನೆಯವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಾರೆ.

"ಹೋಯ್ತು. ಮತ್ತೆ ಬಿರುಕು ಬಿಟ್ಟಿದೆ," ಎಂದು ಯಾರೋ ಹೇಳುತ್ತಾರೆ. ಇದೇ ಸಮಯಕ್ಕೆ ಬಂದ ಪ್ರವಾಸಿ ದಂಪತಿ, ಬೆನ್ನಿಗೆ ಚೀಲ, ಕೈಯಲ್ಲಿ ನಕ್ಷೆ, "ಪ್ರದರ್ಶನ ಎಷ್ಟು ಹೊತ್ತಿಗೆ ಶುರು?" ಎಂದು ಕೇಳುತ್ತಾರೆ. ಅವರಿಗೆ ಬೆಂಚು ತೋರಿಸಲಾಗುತ್ತದೆ.

ಗೆರ್ಲಿಂಡೆ ಮಾತ್ರ ಕಣ್ಣೀರು ಸುರಿಸುತ್ತಾ ಹೊಗೆಯಲ್ಲೇ ಮಂಡಿಯೂರಿ ಕೂತಿದ್ದಾರೆ. ಮೂಗು ಮುಂದೆ ಮಾಡಿ ಒಂದು ಸಲ ಮೂಸುತ್ತಾರೆ. ಇನ್ನೊಂದು ಸಲ.

"ನಿಂಬೆಹಣ್ಣು," ಎನ್ನುತ್ತಾರೆ.

ಎಲ್ಲರೂ ಮೂಸುತ್ತಾರೆ. ನಿಜ. ಎರ್ಲಬ್ರೊನ್‌ನ ಊರೊಲೆಯಿಂದ ಹೊಸದಾಗಿ ತೊಳೆದ ಬಚ್ಚಲಿನ ವಾಸನೆ ಬರುತ್ತಿದೆ.

ಇಲ್ಲಿ ಒಂದು ಮಾತು. ನಮ್ಮೂರಿನಲ್ಲಿ ಮನೆಗೊಂದು ವಾರ ಗುಡಿಸುವ ಪಾಳಿ. ಪಾಳಿ ಇರುವ ಮನೆಯ ಬಾಗಿಲಿಗೆ ಒಂದು ಪುಟ್ಟ ಹಲಗೆ ತೂಗುತ್ತದೆ. ಅದು ತೂಗಿದಷ್ಟು ದಿನ ಓಣಿ, ಮೆಟ್ಟಿಲು, ತೊಟ್ಟಿಯ ಕಟ್ಟೆ, ಊರೊಲೆಯ ಕೋಣೆ ಎಲ್ಲ ಆ ಮನೆಯವರ ಮಾನ. ಕೊಲೆ ಮಾಡಿದವನನ್ನು ಎರ್ಲಬ್ರೊನ್ ಕ್ಷಮಿಸಬಹುದು, ಮೆಟ್ಟಿಲು ಗುಡಿಸದವನನ್ನಲ್ಲ. ಈ ವಾರದ ಹಲಗೆ ತೂಗುತ್ತಿರುವುದು ಎದುರುಮನೆಯ ವಾಲ್ಬುರ್ಗಾ ರೀಗರ್ ಬಾಗಿಲಿಗೆ.

"ವಾಲ್ಬುರ್ಗಾ," ಗೆರ್ಲಿಂಡೆ ತಿರುಗದೆಯೇ ಕರೆಯುತ್ತಾರೆ. "ನಿನ್ನೆ ಒಲೆ ಏನಾದ್ರೂ ಮುಟ್ಟಿದ್ಯಾ?"

"ಮುಟ್ಟೋದೇನು, ತಿಕ್ಕಿದೀನಿ!" ವಾಲ್ಬುರ್ಗಾ ಎದೆಯುಬ್ಬಿಸಿ ಮುಂದೆ ಬರುತ್ತಾರೆ. "ಹೆರ್ ಕ್ನೌಸ್ ಬರ್ತಾರೆ ಅಂತ ಗೊತ್ತಿದ್ದೂ ಒಳಗೆಲ್ಲ ಬೂದಿ ಬಿಟ್ಟಿದ್ಯಲ್ಲೇ! ನನ್ನ ವಾರದಲ್ಲಿ! ಎರಡು ಬಕೀಟು ಹಾಕಿದೆ. ಮೂಲೆಗೆ ಹಲ್ಲುಜ್ಜೋ ಬ್ರಷ್ಷು."

"ನೀರು?"

"ಸೋಪಿನ ನೀರು. ಒಳ್ಳೇ ಸೋಪು."

"ಅಯ್ಯೋ ನಿನ್ನ! ಒಲೆಗೆ ಸ್ನಾನ ಮಾಡಿಸಿದ್ಯಾ?"

"ನೀನೂ ಒದ್ದೆ ಬಟ್ಟೆ ಆಡಿಸ್ತೀಯಲ್ಲ!"

"ಕಾದ ಒಲೆಗೆ ಆಡಿಸ್ತೀನಿ ಕಣೇ, ಉಫ್ ಅನ್ನೋಷ್ಟರಲ್ಲಿ ಆರುತ್ತೆ. ನೀನು ತಣ್ಣಗಿರೋದಕ್ಕೆ ಕುಡಿಸಿದೀಯ. ಇಟ್ಟಿಗೆ ಹೊಟ್ಟೆ ತುಂಬ ನೀರಿದೆ. ಈಗ ದೊಡ್ಡ ಬೆಂಕಿ ಹಾಕಿದ್ರೆ ಕಮಾನು ಸಿಡಿದೇ ಹೋಗುತ್ತೆ."

ಗುಂಪಿನಲ್ಲಿ ಯಾರೂ ನಗುವುದಿಲ್ಲ. ನಿಜ ಹೇಳಬೇಕೆಂದರೆ, ಪಾಳಿ ತಮ್ಮದಾಗಿದ್ದರೆ ತಾವೂ ಅದನ್ನೇ ಮಾಡುತ್ತಿದ್ದೆವೆಂದು ಅಲ್ಲಿದ್ದ ಪ್ರತಿಯೊಬ್ಬರ ಮುಖದಲ್ಲೂ ಬರೆದಿದೆ. ಒಬ್ಬರಂತೂ ಯಾವ ಸೋಪು ಎಂದು ಮೆಲ್ಲಗೆ ವಿಚಾರಿಸುತ್ತಾರೆ.

ಗೆರ್ಲಿಂಡೆ ಉರಿಯುತ್ತಿದ್ದ ಪುಳ್ಳೆಯನ್ನೆಲ್ಲ ಹೊರಗೆಳೆಯುತ್ತಾರೆ. ಹಿಟ್ಟಿನ ಬುಟ್ಟಿಗಳನ್ನು ಚರ್ಚಿನ ನೆಲಮಾಳಿಗೆಗೆ ಸಾಗಿಸಲು ಹೇಳುತ್ತಾರೆ. ಅಲ್ಲಿಯ ತಂಪಿಗೆ ಹಿಟ್ಟು ಇನ್ನೂ ಸ್ವಲ್ಪ ಹೊತ್ತು ಉಬ್ಬದೆ ಸುಮ್ಮನಿರುತ್ತದೆ. ಆಮೇಲೆ ಒಲೆಯ ಬಾಯಲ್ಲಿ ಅಂಗೈಯಗಲದ ಒಂದು ಬೆಂಕಿ. ಅದು ಚೆನ್ನಾಗಿ ಹಿಡಿದ ಮೇಲೆ ಗೇಣು ಒಳಕ್ಕೆ ತಳ್ಳುತ್ತಾರೆ. ಮತ್ತೆ ಕಾಯುತ್ತಾರೆ. ಮತ್ತೆ ಗೇಣು. ಮಧ್ಯೆ ಮಧ್ಯೆ ಹಳೇ ಪತ್ರಿಕೆ ಸುರುಳಿ ಮಾಡಿ ಹಚ್ಚಿ ಚಿಮಣಿಯ ಗಂಟಲಿಗೆ ಹಿಡಿಯುತ್ತಾರೆ, ತಣ್ಣಗಾದ ಚಿಮಣಿ ಬೆಚ್ಚಗಾಗಲೆಂದು. ವಾಲ್ಬುರ್ಗಾ ಪತ್ರಿಕೆ ಸುರುಳಿ ಮಾಡಿಕೊಡುತ್ತಾರೆ.

ಹೆರ್ ಕ್ನೌಸ್ ಒಂಬತ್ತಕ್ಕೆ ಬರುತ್ತೇನೆಂದಿದ್ದರು. ಚರ್ಚಿನ ಗಂಟೆ ಒಂಬತ್ತನೆಯ ಸಲ ಹೊಡೆಯುವಾಗ ಅವರ ವ್ಯಾನಿನ ಬಾಗಿಲು ಮುಚ್ಚುತ್ತದೆ. ಕಪ್ಪು ಕೋಟು, ಹಿತ್ತಾಳೆ ಗುಂಡಿ. ಚಿಮಣಿಯವರ ಗುಂಡಿ ಮುಟ್ಟಿದರೆ ಅದೃಷ್ಟ ಎಂಬುದು ಎಲ್ಲರಿಗೂ ಗೊತ್ತು. ಇವತ್ತು ಅರ್ಧ ಊರು ಅವರಿಗೆ ಆಕಸ್ಮಿಕವಾಗಿ ತಾಗುತ್ತದೆ.

"ಸಾಕು ಸಾಕು, ಗುಂಡಿ ಕಿತ್ತು ಬರುತ್ತೆ," ಎನ್ನುತ್ತಾ ಅವರು ಒಳಗೆ ಇಣುಕುತ್ತಾರೆ. ಹೊಗೆ ಇನ್ನೂ ಇದೆ. "ಫ್ರಾವ್ ಬೊಯ್ಲೆ, ಇದೇನಿದು?"

ಕಮಾನು ಸರಿಯಿದೆ ಎಂದು ವಾದಿಸಬಹುದಿತ್ತು, ಮೇಸ್ತ್ರಿಯನ್ನು ಬಯ್ಯಬಹುದಿತ್ತು, ಎದುರುಮನೆಯತ್ತ ಬೆರಳು ತೋರಿಸಬಹುದಿತ್ತು. ಗೆರ್ಲಿಂಡೆ ಎದ್ದು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾರೆ.

"ಒಲೆಗೆ ನೀರು ಬಿದ್ದಿದೆ, ಹೆರ್ ಕ್ನೌಸ್. ಆರಿಸ್ತಾ ಇದೀನಿ. ಕೂತ್ಕೊಂಡು ಕಾಫಿ ಕುಡೀತೀರಾ, ಇಲ್ಲಾ ಚೀಟಿ ಅಂಟಿಸಿ ಹೋಗ್ತೀರಾ?"

"ನೀರು ಹೇಗೆ ಬಿತ್ತು?"

"ಬಿತ್ತು."

ವಾಲ್ಬುರ್ಗಾರ ಮುಖ ಹೊಸ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. "ನಾನು ತೊಳೆದೆ," ಎನ್ನುತ್ತಾರೆ. "ನೀವು ಬರ್ತೀರಂತ."

ಹೆರ್ ಕ್ನೌಸ್ ತಮ್ಮ ಬೂಟು ನೋಡುತ್ತಾರೆ, ಚಿಮಣಿ ನೋಡುತ್ತಾರೆ. ಇಷ್ಟು ವರ್ಷದ ಕೆಲಸದಲ್ಲಿ ಜನ ಅವರು ಬಂದು ಹೋದ ಮೇಲೆ ಮಸಿ ತೊಳೆದದ್ದೇ ಹೊರತು ಬರುವ ಮುಂಚೆ ಅಲ್ಲ. "ಹಾಲು ಬೇಡ, ಸಕ್ಕರೆ ಎರಡು," ಎಂದು ಬೆಂಚಿನ ಮೇಲೆ ಪ್ರವಾಸಿಗಳ ಪಕ್ಕ ಕೂರುತ್ತಾರೆ.

ಆಮೇಲೆ ನಡೆದದ್ದು ಕಾಯುವುದು. ಮೇಯರ್ ಟ್ರೌಟ್‌ವೈನ್ ಬಂದು, ಎಷ್ಟಗಲದ ಗಾಜು ಬೇಕೆಂದು ಒಲೆಯ ಬಾಯನ್ನು ಕಣ್ಣಲ್ಲೇ ಅಳೆಯುತ್ತಾ ನಿಂತಿದ್ದಾರೆ. ಗೆರ್ಲಿಂಡೆಯ ಬೆಂಕಿ ಈಗ ಒಲೆಯ ನಡುವಿಗೆ ತಲುಪಿದೆ. ಬಿಳಿ ಹಬೆ ತೆಳ್ಳಗಾಗಿದೆ. ಅವರು ಒಂದು ಹೊರೆ ಪೂರ್ತಿ ಒಳಗೆ ತಳ್ಳಿ, ಮೊದಲ ಸಲ ಹಿಂದೆ ಸರಿದು ನಿಲ್ಲುತ್ತಾರೆ. ಹೊಗೆ ಬಾಯಿಗೆ ಬಂದು ತಡೆಯುತ್ತದೆ. ಆಮೇಲೆ, ಯಾರೋ ಮೇಲಿಂದ ಕರೆದ ಹಾಗೆ, ಬಗ್ಗಿ ಚಿಮಣಿಯೊಳಕ್ಕೆ ತಿರುಗುತ್ತದೆ. ಗುಂಯ್ ಎಂಬ ಒಂದು ಸದ್ದು. ಆ ಸದ್ದು ಎರ್ಲಬ್ರೊನ್‌ನಲ್ಲಿ ಹುಟ್ಟಿದವರಿಗೆಲ್ಲ ಗೊತ್ತು, ಹೊರಗಿನಿಂದ ಬಂದವರಿಗೂ.

ಹೆರ್ ಕ್ನೌಸ್ ಲೋಟ ಕೆಳಗಿಡುತ್ತಾರೆ. ಕನ್ನಡಿ ಹಿಡಿದು ಚಿಮಣಿ ನೋಡುತ್ತಾರೆ, ಟಾರ್ಚು ಬಿಟ್ಟು ಕಮಾನು ನೋಡುತ್ತಾರೆ, ಏಣಿ ಹಾಕಿ ಮಾಡು ಹತ್ತುತ್ತಾರೆ. ಇಳಿದು ಬಂದು ಕೈ ಕೊಡವಿ ಹೇಳುವುದು ಎರಡೇ ಮಾತು.

"ಹೊಗೆ ಎಳೀತಿದೆ."

ಗೆರ್ಲಿಂಡೆ ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸುತ್ತಾರೆ. ಪಕ್ಕದಲ್ಲಿ ಒಂದು ಸ್ಟೂಲಿದೆ, ಅತ್ತೆಯದು. ಅದರ ಮೇಲೆ ಕೂತುಬಿಡುತ್ತಾರೆ. ಅದರ ಮೇಲೆ ಅವರು ಕೂತದ್ದನ್ನು ಈ ತನಕ ಯಾರೂ ನೋಡಿಲ್ಲ. ಹೆರ್ ಕ್ನೌಸ್ ಕೆಂಪು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಾರೆ. ಅಂಟು ಉಳಿದ ಕಡೆ ಒರೆಸಲು ವಾಲ್ಬುರ್ಗಾ ಕೈ ಚಾಚಿ, ಯಾರೂ ಹೇಳದೆಯೇ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಬುಟ್ಟಿಗಳು ನೆಲಮಾಳಿಗೆಯಿಂದ ಬರುತ್ತವೆ. ಈಗ ಹೊಸ ತೊಡಕು. ಮೊದಲ ಬಿಲ್ಲೆಯವರು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಆಕಾಶ ನೋಡುತ್ತಿದ್ದಾರೆ. ಸೋಪಿನ ರುಚಿಯ ಬ್ರೆಡ್ಡು ಯಾರಿಗೆ ಬೇಕು?

"ನನ್ನದು ಹಾಕು," ಎನ್ನುತ್ತಾರೆ ವಾಲ್ಬುರ್ಗಾ. "ಸೋಪು ಬಂದ್ರೆ ನಾನೇ ತಿಂತೀನಿ."

"ನಿನ್ನನ್ನ ನಂಬೋ ಹಾಗಿಲ್ಲ ಕಣೇ. ಸೋಪು ಬಂದ್ರೆ ಇನ್ನೂ ಚೆನ್ನಾಗಿದೆ ಅಂತೀಯ." ಬೆಳಗಿನಿಂದ ಮೊದಲ ಸಲ ಇಬ್ಬರೂ ನಗುತ್ತಾರೆ. ಗೆರ್ಲಿಂಡೆ ಕೆಂಡ ಎಳೆದು, ನೆಲ ಒರೆಸಿ, ಹಿಟ್ಟು ಎಸೆದು ನೋಡಿ, ತಮ್ಮದೇ ಬುಟ್ಟಿಯನ್ನು ಉದ್ದ ಹಿಡಿಯ ಹಲಗೆಯ ಮೇಲೆ ಕವುಚುತ್ತಾರೆ.

ಹೊರಗೆ ಬಂದಾಗ ಅದು ಗಾಢ ಕಂದು. ಸಿಪ್ಪೆ ಚಟಚಟ ಅನ್ನುತ್ತಿದೆ. ಗೆರ್ಲಿಂಡೆ ತಿರುಗಿಸಿ ತಳಕ್ಕೆ ಬೆರಳಿನಿಂದ ಬಡಿಯುತ್ತಾರೆ. ಖಾಲಿ ಡಬ್ಬದ ಸದ್ದು, ಒಳಗೆ ಬೆಂದಿದೆ. ತುದಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಊರು ಅವರ ದವಡೆಯನ್ನು ನೋಡುತ್ತದೆ.

"ಬ್ರೆಡ್ಡು," ಎನ್ನುತ್ತಾರೆ.

ಇಷ್ಟು ಸಾಕು. ಬುಟ್ಟಿಗಳು ಮುನ್ನುಗ್ಗುತ್ತವೆ, ಬಿಲ್ಲೆಗಳು ಜೇಬಿನಿಂದ ಹೊರಬರುತ್ತವೆ, ಮೊದಲ ಬಿಲ್ಲೆಯವರಿಗೆ ಈಗ ತಮ್ಮ ಹಕ್ಕಿನ ನೆನಪಾಗುತ್ತದೆ. ಈರುಳ್ಳಿ, ಕೆನೆ ಹಾಕಿದ ತೆಳು ರೊಟ್ಟಿ ಕೈಯಿಂದ ಕೈಗೆ ಹೋಗುತ್ತದೆ. ಪ್ರವಾಸಿಗಳಿಗೂ ಒಂದು ತುಂಡು ಸಿಗುತ್ತದೆ; ಇಷ್ಟು ಗದ್ದಲದ ಊರು ಎಂದು ನಕ್ಷೆಯಲ್ಲಿ ಬರೆದಿರಲಿಲ್ಲ ಎನ್ನುತ್ತಾರೆ. ಮೇಯರ್ ಬಾಯಿ ತುಂಬಿಕೊಂಡೇ, ಬೊಂಬೆ ಮಾಡಲು ಆಗಲೇ ಹೇಳಿಬಿಟ್ಟಿದ್ದೇನೆ, ಏನು ಮಾಡುವುದು ಎಂದು ಕೇಳುತ್ತಾರೆ.

"ಬಸ್ ಸ್ಟಾಪಿನಲ್ಲಿ ಕೂರಿಸಿ," ಎನ್ನುತ್ತಾರೆ ಗೆರ್ಲಿಂಡೆ. "ನಮ್ಮ ಬಸ್ಸಿಗೆ ಕಾಯೋಷ್ಟು ತಾಳ್ಮೆ ಮನುಷ್ಯರಿಗಿಲ್ಲ."

ಮಧ್ಯಾಹ್ನದ ಹೊತ್ತಿಗೆ ಕೋಣೆ ಖಾಲಿ. ಗೆರ್ಲಿಂಡೆ ಮುಂದಿನ ವಾರದ ಪುಳ್ಳೆಯನ್ನು ಬೆಚ್ಚಗಿನ ಒಲೆಯೊಳಗೆ ಒಣಗಲು ಇಡುತ್ತಿದ್ದಾರೆ. ಕಂಕುಳಲ್ಲಿ ಆ ಕಂದು ಬ್ರೆಡ್ಡು, ಬಟ್ಟೆಯಲ್ಲಿ ಸುತ್ತಿದ್ದು. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಕಣ್ಣು ಕಿರಿದು ಮಾಡಿ ಯೋಚಿಸುತ್ತಾರೆ.

"ದೊಡ್ಡದೇನಿಲ್ಲ. ನನ್ನ ಒಲೆ ಯಾರೂ ತೊಳೀಬಾರದು. ಅಷ್ಟೇ."

ಅವರ ಬೆನ್ನ ಹಿಂದೆ ವಾಲ್ಬುರ್ಗಾ, ಒದ್ದೆ ಬಟ್ಟೆ ಹಿಡಿದು, ಒಲೆಯ ಕಬ್ಬಿಣದ ಬಾಗಿಲು ಒರೆಸುತ್ತಿದ್ದಾರೆ.

"ಹೊರಗಡೆ ಮಾತ್ರ," ಎನ್ನುತ್ತಾರೆ ವಾಲ್ಬುರ್ಗಾ. "ನಾಳೆ ತನಕ ನನ್ನ ವಾರ."

ಗೆರ್ಲಿಂಡೆ ಸುಮ್ಮನಿರುತ್ತಾರೆ. ಸುಮ್ಮನಿದ್ದರೆ ಸರಿ ಎಂದು ತಿಳಿಯಬೇಕು.