ಹಲ್ಲು ನೋಡದೆ ಕೊಂಡ ಫೋನು

ಕುದೂರಿನ ದನದ ದಳ್ಳಾಳಿ ರಾಮಲಿಂಗಯ್ಯನನ್ನು ಇದುವರೆಗೆ ಯಾರೂ ಯಾಮಾರಿಸಿರಲಿಲ್ಲ. ಹಾಗೆಂದು ಊರು ಹೇಳುತ್ತಿದ್ದುದಕ್ಕಿಂತ ಅವನೇ ಹೇಳಿಕೊಳ್ಳುತ್ತಿದ್ದುದು ಹೆಚ್ಚು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವುದು, ಮೈ ಸವರಿ ಕೂದಲಿನ ಒಳ್ಳೆಯ ಸುಳಿ, ಕೆಟ್ಟ ಸುಳಿ ಹುಡುಕುವುದು, ಟವೆಲ್ಲಿನಡಿ ಬೆರಳು ಹಿಡಿದೇ ಬೆಲೆ ಕುದುರಿಸುವುದು, ಎಲ್ಲ ಅಪ್ಪನಿಂದ ಬಂದ ವಿದ್ಯೆ. ಮುದಿ ಎತ್ತಿನ ಕೊಂಬು ಹೆರೆದು, ಎಣ್ಣೆ ಸವರಿ, ಪ್ರಾಯದ್ದೆಂದು ದಾಟಿಸುವುದೂ ಅದೇ ವಿದ್ಯೆಯೊಳಗೆ ಸೇರಿತ್ತು. ಅದೊಂದನ್ನು ಮಾತ್ರ ಅವನು ಹೇಳುತ್ತಿರಲಿಲ್ಲ, ದೊಡ್ಡಮಳೂರಿನ ಗಂಗಯ್ಯ ಹೇಳುತ್ತಿದ್ದ. ರಾಮಲಿಂಗಯ್ಯನಿಂದ ಅವನು ಕೊಂಡುಹೋದ ಅಂಥದೊಂದು ಎತ್ತು ಮೊದಲ ಉಳುಮೆಯ ದಿನವೇ ಸಾಲಿನ ನಡುವೆ ಮಲಗಿಬಿಟ್ಟಿತ್ತು, ಊರೆಲ್ಲ ಬಂದು ನೋಡಿಕೊಂಡು ಹೋಗಿತ್ತು.

ಈಗ ವ್ಯಾಪಾರವೆಲ್ಲ ಫೋನಿನಲ್ಲಿ. ಎತ್ತು ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತಿರುತ್ತದೆ, ಅದರ ವಿಡಿಯೊ ತಾಲ್ಲೂಕು ಸುತ್ತುತ್ತದೆ. ರಾಮಲಿಂಗಯ್ಯನ ಫೋನಿನಲ್ಲಿ ಮಾತ್ರ ಎತ್ತು ಒಂದು ಹೆಜ್ಜೆ ಇಟ್ಟು ನಿಂತುಬಿಡುತ್ತಿತ್ತು. ಬಾಲ ಕಾಣುವಷ್ಟರಲ್ಲಿ ಬ್ಯಾಟರಿ ಸಾಯುತ್ತಿತ್ತು. ಬೈರಮಂಗಲದ ನಟರಾಜು ಜೋಡಿ ಎತ್ತು ಬೇಕೆಂದು ಕೇಳಿ, "ಭಾನುವಾರದೊಳಗೆ ವಿಡಿಯೊ ಕಳ್ಸಣ್ಣ, ಇಲ್ದಿದ್ರೆ ಬೇರೆಯೋರ್ನ ನೋಡ್ಕತೀನಿ" ಅಂದಿದ್ದ. ಇದೂ ಕೈತಪ್ಪಿದರೆ ತನ್ನನ್ನು ದಳ್ಳಾಳಿ ಎಂದು ಕರೆಯುವವರೇ ಇರುವುದಿಲ್ಲವೆಂದು ರಾಮಲಿಂಗಯ್ಯನಿಗೆ ಗೊತ್ತಿತ್ತು.

"ಮೊದ್ಲು ಬ್ಯಾಟ್ರಿ ಬದಲಾಯ್ಸಿ ನೋಡಿ" ಅಂದಳು ಹೆಂಡತಿ ಶಿವಲಿಂಗಮ್ಮ.

"ಮುದಿ ಎತ್ತಿಗೆ ಹೊಸ ಲಾಳ ಹೊಡ್ಸುದ್ರೆ ಓಡ್ತದೇನಮ್ಮಿ?"

"ಓಡ್ತದೆ ಅಂತ ನೀವೇ ಎಷ್ಟು ಮಾರಿಲ್ಲ!"

ಶುಕ್ರವಾರ ಅವನು ರಾಮನಗರದ ಬಸ್ಸು ಹತ್ತಿದ. ದೊಡ್ಡ ಅಂಗಡಿಯ ಹುಡುಗಿ ಹೊಸ ಫೋನು ಕೈಗಿಟ್ಟು, "ತಿಂಗಳು ತಿಂಗಳು ಕಟ್ಟಿದ್ರೆ ಆಯ್ತು ಅಂಕಲ್, ಆಧಾರ್ ಕೊಡಿ" ಅಂದಳು.

"ಕಂತಿನ ಹಗ್ಗಕ್ಕೆ ಕತ್ತು ಕೊಡೋನಲ್ಲ ಕಣವ್ವ ನಾನು" ಎಂದು ಎದ್ದುಬಂದ. ಆ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ ಬೀದಿಯುದ್ದಕ್ಕೂ ಹೇಳಿಕೊಂಡೇ ನಡೆದ.

ಆಮೇಲೆ ರಿಪೇರಿ ಅಂಗಡಿಯ ವಾಸಿಂನ ಹತ್ತಿರ ಹೋದ. ವಾಸಿಂ ಯಾರೋ ಬಳಸಿ ಬಿಟ್ಟ ಫೋನೊಂದನ್ನು ತೆಗೆದಿಟ್ಟ. "ನಾನೇ ಬಿಚ್ಚಿ ನೋಡಿದೀನಿ ಯಜಮಾನ್ರೆ. ಮೊದ್ಲು ತಗೊಂಡೋರ ಬಿಲ್ಲೂ ಐತೆ. ಇಲ್ಲೇ ಕುಂತು ವಿಡಿಯೊ ತೆಗೀರಿ, ಚಾರ್ಜಿಗೆ ಹಾಕಿ, ಯಾರಿಗಾದ್ರೂ ಮಾತಾಡಿ. ತಿಂಗಳೊಳಗೆ ಕೆಟ್ರೆ ವಾಪಸ್ ತಗೋತೀನಿ."

ರಾಮಲಿಂಗಯ್ಯ ಫೋನನ್ನು ಆನ್ ಮಾಡಲಿಲ್ಲ. ಮಗುಚಿ, ಬೆನ್ನು ಸವರಿದ. ಮೂಲೆಯಲ್ಲಿ ವಂಕಿಯಂತೆ ಬಾಗಿದ ಗೀರೊಂದು ಬೆರಳಿಗೆ ಸಿಕ್ಕಿತು. ಬಿಸಿ ಮುಟ್ಟಿದವನಂತೆ ಕೈ ಎಳೆದುಕೊಂಡ. "ಕೆಟ್ಟ ಸುಳಿ ಐತಲ್ಲಪ್ಪ! ಇದು ಮನೆಗೆ ಆಗಿಬರಾಕಿಲ್ಲ."

"ಫೋನಿಗೆಂಥಾ ಸುಳಿ ಯಜಮಾನ್ರೆ?"

"ನಿನಗೇನು ಗೊತ್ತು? ನೀನು ದನ ಕಟ್ಟಿದೋನಾ?"

ಬಸ್‌ಸ್ಟ್ಯಾಂಡಿನಲ್ಲಿ ಹೆಗಲಿಗೆ ಬ್ಯಾಗು ಹಾಕಿದ್ದವನೊಬ್ಬ ಫೋನು ತೋರಿಸಿದ. ಎಣ್ಣೆ ಹಚ್ಚಿದ ಹೋರಿಯಂತೆ ಮಿರಮಿರ ಮಿಂಚುತ್ತಿತ್ತು. ಬೆನ್ನ ಮೇಲೆ ಒಂದು ಗೀರಿಲ್ಲ. ಬಿಲ್ಲೂ ಇಲ್ಲ, ಆದರೆ ಯಾವ ಎತ್ತು ಬಿಲ್ಲು ಹಿಡಿದುಕೊಂಡು ಸಂತೆಗೆ ಬರುತ್ತದೆ? ರಾಮಲಿಂಗಯ್ಯ ಹೆಗಲ ಟವೆಲ್ಲು ಹಾಸಿ, ಅವನ ಕೈಯನ್ನು ಅಡಿಗೆ ಎಳೆದುಕೊಂಡು ಬೆರಳು ಒತ್ತಿದ. ಈ ಭಾಷೆ ಅರಿಯದ ಬ್ಯಾಗಿನವನು ಗಾಬರಿಯಾಗಿ ಸಿಕ್ಕ ಬೆರಳನ್ನು ತಾನೂ ಒತ್ತಿ, ತಲೆಯಾಡಿಸಿದ. ಹೇಳಿದ್ದರಲ್ಲಿ ಅರ್ಧಕ್ಕೇ ವ್ಯಾಪಾರ ಮುಗಿಯಿತು. ದುಡ್ಡು ಕೈಗೆ ಬಂದದ್ದೇ ಅವನು ಕನಕಪುರದ ಬಸ್ಸಿಗೆ ಓಡಿದ ವೇಗ ನೋಡಿ, "ಪಾಪ, ನಷ್ಟ ಮಾಡ್ಕಂಡ" ಎಂದು ರಾಮಲಿಂಗಯ್ಯ ಮರುಗಿದ.

ಶನಿವಾರ ಬೆಳಿಗ್ಗೆ, ನಟರಾಜುಗೆ ಮಾರಲಿದ್ದ ಜೋಡಿಯನ್ನು ನಿಲ್ಲಿಸಿ ವಿಡಿಯೊ ಹಿಡಿದ. ಎತ್ತು ಕತ್ತು ತಿರುಗಿಸುವಷ್ಟರಲ್ಲಿ ಫೋನು ರೊಟ್ಟಿಯ ಹೆಂಚಿನಂತೆ ಕಾದು ಕಪ್ಪಾಯಿತು. ಆಮೇಲೆ ಕಣ್ಣು ಬಿಡಲಿಲ್ಲ. ಹಳೆಯ ಫೋನನ್ನು ನಿನ್ನೆಯೇ ಬ್ಯಾಗಿನವನಿಗೆ ಧಾರಾಳವಾಗಿ ಕೊಸರಾಗಿ ಕೊಟ್ಟಾಗಿತ್ತು. ಮತ್ತೆ ರಾಮನಗರ, ಮತ್ತೆ ವಾಸಿಂ. ಅಂಗಡಿಯ ಸ್ಟೂಲಿನ ಮೇಲೆ ದೊಡ್ಡಮಳೂರಿನ ಗಂಗಯ್ಯ ಕುಳಿತಿದ್ದ!

ವಾಸಿಂ ಹಿಂಬದಿ ಬಿಚ್ಚಿದ. ಬ್ಯಾಟರಿ ಪೂರಿಯಂತೆ ಉಬ್ಬಿತ್ತು. "ಮುಚ್ಚಳ ಒಂದೇ ಹೊಸದು ಯಜಮಾನ್ರೆ. ಒಳಗಿರೋದು ನಿಮ್ಮ ಹಳೇ ಫೋನಿಗೇ ತಾತ."

ಗಂಗಯ್ಯ ಬಗ್ಗಿ ನೋಡಿದ. ನಗಲಿಲ್ಲ. ಎಷ್ಟೋ ವರ್ಷದಿಂದ ಈ ಮಾತಿಗೆ ಕಾದವನು ಅವಸರ ಪಡುತ್ತಾನೆಯೇ?

"ಕೊಂಬು ಹೆರ್ದವ್ರೆ ಕಣ್ಲಾ ರಾಮ್ಲಿಂಗ. ಹಲ್ಲು ನೋಡ್ನಿಲ್ವೇನ್ಲಾ?"

ಗಂಗಯ್ಯನ ಕೈಯಲ್ಲಿದ್ದುದು ನಿನ್ನೆ ರಾಮಲಿಂಗಯ್ಯ ಬೇಡವೆಂದು ಬಿಟ್ಟುಹೋದ ಗೀರಿನ ಫೋನು. ಅದರಲ್ಲಿ ಜೋಡಿ ಎತ್ತು ಬಾಲ ಬೀಸುತ್ತ, ಎಲ್ಲೂ ನಿಲ್ಲದೆ ನಡೆಯುತ್ತಿದ್ದವು. "ನಮ್ಮ ಪಕ್ಕದ್ಮನೆಯೋರ್ವು. ನಟರಾಜು ನಂಗೂ ಕೇಳಿದ್ದ, ಕಳಿಸ್ದೆ, ಒಪ್ಕಂಡ."

"ಸುಳಿ ಐತೆ ಕಣ್ಲಾ ಅದ್ರಲ್ಲಿ!"

"ಅದು ಬೆನ್ನಲ್ಲೈತೆ. ನಟರಾಜುಗೆ ಕಂಡಿದ್ದು ಎತ್ತು."

ಸಂಜೆ ರಾಮಲಿಂಗಯ್ಯ ಜಗಲಿಯ ಮೇಲೆ ಕುಳಿತು ಸತ್ತ ಫೋನಿನ ಬೆನ್ನನ್ನು ಟವೆಲ್ಲಿನ ತುದಿಯಿಂದ ಉಜ್ಜತೊಡಗಿದ. ಉಜ್ಜಿದಷ್ಟೂ ಅದು ಮಿಂಚಿತು. ಒಳಗೆ ಶಿವಲಿಂಗಮ್ಮ ರಾಗಿ ಕೇರುತ್ತಿದ್ದಳು.

"ಅಮ್ಮೀ, ನಿನ್ನ ತಮ್ಮ ದೇವರಾಜು ಒಂದು ಒಳ್ಳೆ ಫೋನು ಬೇಕು ಅಂತಿದ್ನಲ್ವಾ?"

ಶಿವಲಿಂಗಮ್ಮ ಮೊರ ತಟ್ಟಿ ಹೊಟ್ಟು ಹಾರಿಸಿದಳು.

"ಅಂತಿದ್ದ. ಗಂಗಯ್ಯಂಗೆ ಹೇಳವ್ನಂತೆ, ನೋಡಿ ಕೊಡ್ಸು ಅಂತ."