ಕಾಶಿಯಲ್ಲಿ ಬಿಟ್ಟದ್ದು

ಕಾಶಿಯ ಕೇದಾರ ಘಾಟ್‌ನಲ್ಲಿ ನಮ್ಮ ಮನೆಯ ಮಹಡಿಯಲ್ಲಿದ್ದ ಪುರೋಹಿತರ ಹೆಂಡತಿಯನ್ನು ನಾನು ಚಿಕ್ಕಮ್ಮ ಎನ್ನುತ್ತಿದ್ದೆ. ಅವರು ತೀರಿಕೊಂಡು ತಿಂಗಳಾಯಿತು. ನೆನೆದರೆ ಅಳುವಿಗಿಂತ ಮೊದಲು ನಗು ಬರುತ್ತದೆ.

ಗಂಡನ ಆಪರೇಷನ್ನಿಗೆಂದು ಅವರು ತಮ್ಮ ಎರಡೂ ಚಿನ್ನದ ಬಳೆಗಳನ್ನು ಅಡವಿಟ್ಟು ಸಾಲ ತಂದಿದ್ದರು. ದೀಪಾವಳಿಯೊಳಗೆ ತೀರಿಸದಿದ್ದರೆ ಬಳೆ ಹರಾಜು. ಅಂದಿನಿಂದ ಮನೆಯ ಖರ್ಚು ಬಿಗಿಯಾಯಿತು. ಕಾಶಿಗೆ ಬಂದ ಯಾತ್ರಿಕರು ತಮಗಿಷ್ಟವಾದ ಹಣ್ಣನ್ನೋ ತರಕಾರಿಯನ್ನೋ ಇಲ್ಲೇ ಶಾಶ್ವತವಾಗಿ ಬಿಟ್ಟು ಹೋಗುತ್ತಾರಲ್ಲ, ಚಿಕ್ಕಮ್ಮ ಅದನ್ನೇ ಹಿಡಿದರು. ಮೊದಲ ತಿಂಗಳು ಕಾಫಿ ಬಿಟ್ಟರು, ಆಮೇಲೆ ಪಾನ್, ಆಮೇಲೆ ಆಟೊ. ಭೇಲೂಪುರದ ಮಾರುಕಟ್ಟೆಯಿಂದ ಬಿಸಿಲಲ್ಲಿ ಚೀಲ ಹೊತ್ತು ಬರುವಾಗ ಯಾರಾದರೂ ಕೇಳಿದರೆ ಸೆರಗಿನಿಂದ ಮುಖ ಒರೆಸಿಕೊಂಡು, "ಆಟೊನ ಕಾಶೀಲಿ ಬಿಟ್ಟಿದ್ದೀನಿ ಕಣ್ರೀ" ಎನ್ನುತ್ತಿದ್ದರು. ಸಾಲದ ಸುದ್ದಿ ಎತ್ತುತ್ತಿರಲಿಲ್ಲ. ಎಂಥ ಕಠಿಣ ವ್ರತವೆಂದು ಗಲ್ಲಿಯ ಹೆಂಗಸರು ಕೈಮುಗಿಯುತ್ತಿದ್ದರು.

ದೀಪಾವಳಿಗೆ ಮೂರು ದಿನವಿರುವಾಗ ಬಳೆ ಬಿಡಿಸಿ ತೊಟ್ಟುಕೊಂಡು ನೇರ ನಮ್ಮ ಅಡುಗೆಮನೆಗೆ ಬಂದರು.

"ಕಾಫಿ ಮಾಡೇ. ಸಕ್ಕರೆ ಜಾಸ್ತಿ ಹಾಕು."

"ಅಯ್ಯೋ ಚಿಕ್ಕಮ್ಮ, ಕಾಶೀಲಿ ಬಿಟ್ಟಿದ್ದನ್ನ ಮತ್ತೆ ಮುಟ್ಟೋ ಹಾಗಿಲ್ಲ. ಚಿಕ್ಕಪ್ಪನೇ ಯಾತ್ರಿಕರಿಗೆ ಹೇಳ್ತಾರೆ."

"ಯಾತ್ರಿಕರು ಬಿಟ್ಟು ಊರಿಗೆ ಹೋಗ್ತಾರೆ ಕಣೇ. ನಾನು ಇಲ್ಲೇ ಇದ್ದೀನಲ್ಲ, ನಾನು ಬಿಟ್ಟಿದ್ದೂ ಇಲ್ಲೇ ಇರತ್ತೆ!"

ಕಣ್ಣು ಮುಚ್ಚಿಕೊಂಡು ಕುಡಿದು, ಬಳೆ ತೊಟ್ಟ ಕೈಯನ್ನು ನನ್ನ ಮುಂದೆ ಚಾಚಿದರು.

"ಚೆನ್ನಾಗಿ ಹೊಳೀತಿವೆ" ಎಂದೆ.

"ಬಳೆ ಆಮೇಲೆ ನೋಡೋವಂತೆ. ಇನ್ನೊಂದು ಲೋಟ ಕೊಡು."