ದೂರದ ಕಂಬ

ಶನಿವಾರ ಬೆಳಿಗ್ಗೆ ಬಂಟ್ವಾಳದಲ್ಲಿ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ಒಂದು ರಟ್ಟಿನ ಚಿತ್ರವಿತ್ತು, ತಲೆಯಲ್ಲಿ ಅದಕ್ಕಿಂತ ದೊಡ್ಡ ಗರ್ವವಿತ್ತು. ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಬೆಳ್ತಂಗಡಿಯ ರುಕ್ಮಿಣಿ ಟೀಚರು ತಮ್ಮ ಜಗಲಿಯಲ್ಲೇ ಕಣ್ಣು ಕಾಣದ ಐದು ಮಕ್ಕಳಿಗೆ ಚುಕ್ಕೆ ಅಕ್ಷರ ಕಲಿಸುತ್ತಿದ್ದರು. ಮಕ್ಕಳಿಗೆ ಮುಟ್ಟಿ ನೋಡುವ ಚಿತ್ರವೂ ಬೇಕು ಎಂದು ನನಗೆ ಬರೆದಿದ್ದರು. ಭಾನುವಾರ ಆ ಮಕ್ಕಳನ್ನು ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದೊಯ್ಯುವುದಿತ್ತು. ಅದೇ ಬಸದಿಯನ್ನು ನಾನು ಹುಣಸೆಬೀಜದ ಅಂಟಿನಲ್ಲಿ ಹುರಿಹಗ್ಗ ಅಂಟಿಸಿ ಉಬ್ಬುಚಿತ್ರ ಮಾಡಿದ್ದೆ.

ಹೊಸ ಪೈಸೆ ಬಂದು ವರ್ಷಗಳಾಗಿದ್ದರೂ ಕಂಡಕ್ಟರು ಹದಿನಾಲ್ಕಾಣೆ ಎಂದೇ ಕೇಳಿದ. ಇಪ್ಪತ್ತು ಚಿಲ್ಲರೆ ಮೈಲಿಗೆ ಎರಡು ಗಂಟೆ ಹಿಡಿಯಿತು. ಇಳಿಯುವಾಗ ನನ್ನ ಬಿಳಿ ಅಂಗಿ ಧೂಳಿಗೆ ಕೆಂಪಾಗಿತ್ತು, ಚಿತ್ರಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಜಗಲಿಯಲ್ಲಿ ಅಳದಂಗಡಿಯ ಮಂಜಪ್ಪ ಶೆಟ್ಟರು ಕುಳಿತಿದ್ದರು. ಆ ಐವರಲ್ಲಿ ಒಬ್ಬಳಾದ ಅವರ ಮಗಳು ಕಮಲಳಿಗೆ ಹನ್ನೊಂದು ವರ್ಷ. ಹುಡುಗಿ ಇಲ್ಲಿ ಇದ್ದು ಕಲಿಯಬೇಕೋ ಮನೆಗೆ ಬರಬೇಕೋ ಎಂದು ತೀರ್ಮಾನ ಮಾಡಲು ಬಂದಿದ್ದರು. "ನೀವು ದೊಡ್ಡ ಶಾಲೆಯವರು ಮಾಷ್ಟ್ರೇ, ನೀವು ಹೇಳಿದ ಹಾಗೆ ಮಾಡ್ತೇನೆ" ಎಂದರು. ನನಗೆ ಖುಷಿಯಾಯಿತು.

ಕಮಲ ಚಿತ್ರದ ಮೇಲೆ ಎರಡೂ ಕೈ ಆಡಿಸಿದಳು. ಮುಂದಿನ ಕಂಬಗಳನ್ನು ನಾನು ದಪ್ಪವಾಗಿ, ಹಿಂದಿನವನ್ನು ಸಣ್ಣದಾಗಿ ಬಿಡಿಸಿದ್ದೆ, ಕಣ್ಣಿಗೆ ಕಾಣುವ ಹಾಗೆ.

"ಮಾಷ್ಟ್ರೇ, ಈ ಬದಿಯ ಕಂಬ ಕುಳ್ಳ ಉಂಟು. ಮೇಲಿನ ಮಾಡು ಜರಿದಿದೆಯಾ?"

"ಅವು ದೂರ ಇರುವ ಕಂಬ. ದೂರದ್ದು ಸಣ್ಣ ಕಾಣ್ತದೆ."

ಅವಳು ತುಸು ಯೋಚಿಸಿ, "ಅಪ್ಪ ದೂರ ಹೋದರೆ ಸಣ್ಣ ಆಗ್ತಾರಾ?" ಎಂದಳು. ಉಳಿದ ಮಕ್ಕಳು ನಕ್ಕರು. ನನ್ನನ್ನೇ ನೋಡಿ ನಕ್ಕಂತಾಯಿತು. ನಾನು ಮೂರು ಸಲ ಹೇಳಿಕೊಟ್ಟೆ, ಅವಳು ಮೂರು ಸಲವೂ ಅಲ್ಲವೆಂದು ತಲೆಯಾಡಿಸಿದಳು. ಸಿಟ್ಟು ನೆತ್ತಿಗೇರಿ, "ಇವಳಿಗೆ ಚಿತ್ರ ಹತ್ತುವುದಿಲ್ಲ ಶೆಟ್ರೇ" ಎಂದುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನದೂ ಅದೇ ಜಾತಿಯ ಮಾತು.

"ಹಾಗಾದರೆ ನಾಳೆ ಮೂಡಬಿದಿರೆ ನೋಡಿಕೊಂಡು ಬರಲಿ. ಸೋಮವಾರ ಮನೆಗೆ ಕರ್ಕೊಂಡು ಹೋಗ್ತೇನೆ" ಎಂದರು ಶೆಟ್ಟರು. ಕಮಲ ರಟ್ಟಿನ ಮೇಲಿಂದ ಕೈ ತೆಗೆದಳು.

ಭಾನುವಾರ ಗುರುವಾಯನಕೆರೆಯ ಹೋಟೆಲಿನಲ್ಲಿ ಬನ್ಸ್ ತಿಂದು ಹೊರಟವರು ಬಿಸಿಲೇರುವಾಗ ಮೂಡಬಿದಿರೆಯಲ್ಲಿದ್ದೆವು. ಬಸದಿಯ ಕಲ್ಲು ತಣ್ಣಗಿತ್ತು. ಮಕ್ಕಳು ಕಂಬ ಕಂಬವನ್ನೂ ತಬ್ಬಿಕೊಂಡರು. ಕಮಲ ಒಬ್ಬಳೇ ಹೆಜ್ಜೆ ಎಣಿಸುತ್ತ ಹಿಂದಿನ ಸಾಲಿನವರೆಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ನಾನು ಬೇಗ ಬಾ ಎಂದು ಕೂಗಿದೆ. ಬಂದವಳು, "ಅಲ್ಲಿಯ ಕಂಬವೂ ನನ್ನ ಕೈಗೆ ಇಷ್ಟೇ ದಪ್ಪ ಸಿಗ್ತದೆ ಮಾಷ್ಟ್ರೇ" ಎಂದಳು. ಆ ಮಾತಿನಲ್ಲಿ ಜಗಳವಿರಲಿಲ್ಲ.

ಹೊರಗೆ ನೆರಳಿನಲ್ಲಿ ಅವಳು ಟೀಚರು ಮುಖ ಒರೆಸುವ ಬೈರಾಸನ್ನು ಮಡಚಿ, ಅದರ ಮೇಲೆ ದಪ್ಪ ಕಾಗದ ಇಟ್ಟು, ಅಕ್ಷರ ಬರೆಯುವ ಮೊಳೆಯಿಂದ ಬಸದಿಯ ಚಿತ್ರ ಚುಚ್ಚತೊಡಗಿದಳು. ನಾನು ಬಗ್ಗಿ ನೋಡಿ, "ಚಪ್ಪಲಿ ಬಿಟ್ಟದ್ದು ಮೆಟ್ಟಿಲಿನ ಬಲಕ್ಕೆ. ನೀನು ಎಡಕ್ಕೆ ಹಾಕಿದ್ದೀ" ಎಂದೆ.

ರುಕ್ಮಿಣಿ ಟೀಚರು ಮೆಲ್ಲಗೆ ಹೇಳಿದರು: "ಅದು ಹಿಂಬದಿ. ಚುಕ್ಕೆ ಏಳುವುದು ಆಚೆಗೆ. ತಿರುಗಿಸಿ, ಕಣ್ಣು ಮುಚ್ಚಿ ನೋಡಿ."

ತಿರುಗಿಸಿದೆ. ಕಮಲ ನನ್ನ ಬೆರಳು ಹಿಡಿದು ನಡೆಸಿದಳು. ಬಲಕ್ಕೆ ಚಪ್ಪಲಿ, ಆಮೇಲೆ ಮೆಟ್ಟಿಲು, ಬಾಗಿಲು, ಅದರಾಚೆ ಕಂಬಗಳ ಸಾಲು, ಎಲ್ಲವೂ ಒಂದೇ ದಪ್ಪದ ಚುಕ್ಕೆ. ಬಸದಿಯೊಳಗೆ ನಡೆದು ಹೋದಂತಾಯಿತು. ಬಾಗಿಲಲ್ಲಿ ಒಂದು ಒಂಟಿ ಚುಕ್ಕೆ ಸಿಕ್ಕಿತು.

"ಇದು ಯಾರು?"

"ನೀವು. ಅಲ್ಲಿ ನಿಂತು ಕರೆದದ್ದಲ್ಲವಾ? ದೂರ ಇದ್ದಿರಿ. ನಾನು ಸಣ್ಣ ಮಾಡ್ಲಿಲ್ಲ ಮಾಷ್ಟ್ರೇ."

ನಾಚಿಕೆಯಿಂದ ನನಗೆ ಕಣ್ಣು ತೆರೆಯಲಾಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಟೀಚರು ಬಿಡಲಿಲ್ಲ. "ನಮ್ಮ ಜೊತೆ ಬೆಳ್ತಂಗಡಿಗೆ ಬನ್ನಿ. ತಪ್ಪಾಯಿತು ಅಂತ ಶೆಟ್ಟರಿಗೆ ನೀವೇ ಹೇಳಬೇಕು. ನನ್ನ ಮಾತು ಅವರು ಕೇಳುವುದಿಲ್ಲ."

"ನಾಳೆ ಶಾಲೆ ಉಂಟು. ಕಾಗದ ಬರೀತೇನೆ" ಎಂದೆ. ಶಾಲೆ ಇದ್ದದ್ದು ನಿಜ. ರಜೆ ಕೇಳಿದ್ದರೆ ಸಿಗುತ್ತಿತ್ತು ಎಂಬುದೂ ನಿಜ. ಶೆಟ್ಟರ ಮುಖ ನೋಡಿ ಆ ಮಾತು ಹೇಳುವ ಧೈರ್ಯ ನನಗಿರಲಿಲ್ಲ. ಕಮಲ ತಾನು ಚುಚ್ಚಿದ ಚಿತ್ರವನ್ನು ನನ್ನ ಕೈಗೆ ಕೊಟ್ಟಳು, ನಾನು ಬಂಟ್ವಾಳದ ಬಸ್ಸು ಹತ್ತಿದೆ. ತಿರುಗಿ ನೋಡಿದರೆ ಅವಳು ಟೀಚರ ಸೆರಗು ಹಿಡಿದು ನಿಂತವಳು ನನ್ನ ಕಣ್ಣಿಗೆ ಸಣ್ಣವಳಾಗುತ್ತಾ ಹೋದಳು.

ಸಿದ್ಧಕಟ್ಟೆಯಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಇಳಿದು ಹಿಂದೆ ಹೋಗುವ ಎಂದು ಎರಡು ಸಲ ಎದ್ದೆ, ಎರಡು ಸಲ ಕುಳಿತೆ.

ಸೋಮವಾರ ಬರೆದ ಕಾಗದ ಬೆಳ್ತಂಗಡಿ ಮುಟ್ಟುವಾಗ ಬುಧವಾರವಾಗಿತ್ತು. ಶೆಟ್ಟರು ಸೋಮವಾರ ಬೆಳಿಗ್ಗೆಯೇ ಮಗಳನ್ನು ಕರೆದುಕೊಂಡು ಹೋದರೆಂದು ಟೀಚರು ಉತ್ತರ ಬರೆದರು, ಬೇರೇನೂ ಬರೆಯಲಿಲ್ಲ. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿದರೆ ಅಳದಂಗಡಿ ಇಲ್ಲಿಂದ ಅರ್ಧ ದಿನದ ದಾರಿ. ನಾನು ಇನ್ನೂ ಹೋಗಿಲ್ಲ.